ಗಾಲಿಗಳ ಮೇಲಿನ ಕುರಿಗಾಹಿ ಗುಡಿಸಲಿನಲ್ಲಿ ಮೂರು ರಾತ್ರಿ: ವಯಸ್ಸಾದವರಿಗೂ ಬಸುರಿಗೂ ಆದೀತೇ?

ಪ್ರಶ್ನೆ: ನಿವೃತ್ತ ಶಿಕ್ಷಕ, ಕುಷ್ಟಗಿ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ನಾನೂ ನನ್ನ ಹೆಂಡತಿಯೂ ಏಪ್ರಿಲ್ ಮೊದಲ ವಾರ ಹೊರಟು ಜೂನ್ ಕೊನೆಯವರೆಗೆ ಅಲ್ಲಿಯೇ ಇರುತ್ತೇವೆ. ಈಸ್ಟರ್ ರಜೆಯಲ್ಲಿ ವೇಲ್ಸ್‌ನ ಪೆಂಬ್ರೋಕ್‌ಶೈರ್ ಕಡಲ ತೀರದ ಸಣ್ಣ ಹಿಡುವಳಿಯೊಂದರಲ್ಲಿ ಮೂರು ರಾತ್ರಿ ‘ಶೆಫರ್ಡ್ಸ್ ಹಟ್’ನಲ್ಲಿ ಉಳಿಯೋಣವೆಂದು ಮಗ ಹೇಳುತ್ತಿದ್ದಾನೆ. ಇದನ್ನು ಗ್ಲ್ಯಾಂಪಿಂಗ್ ಎನ್ನುತ್ತಾರಂತೆ. ಮನೆಯಲ್ಲಿ ಈ ಸುದ್ದಿ ತಿಳಿಸಿದಾಗ ನನ್ನಾಕೆ, “ಕುರಿಗಾರರ ಗುಡಿಸಲಾಗ ಮಲಗಾಕ ಅಷ್ಟು ದೂರ ಯಾಕ ಹೋಗಬೇಕ್ರಿ, ನಮ್ಮ ಹೊಲಕ್ಕ ಹೋದ್ರ ಸಾಲದೇನು?” ಎಂದಳು. ಅವಳಿಗೆ ಮೊಣಕಾಲು ನೋವಿದೆ. ಮೊಮ್ಮಗನಿಗೆ ನಾಲ್ಕು ವರ್ಷ, ಸೊಸೆಗೆ ಆಗ ಐದು ತಿಂಗಳು ತುಂಬಿರುತ್ತದೆ. ಐವರು ಒಂದೇ ಗುಡಿಸಲಿನಲ್ಲಿ ಹಿಡಿಯುತ್ತೇವೆಯೇ, ಅಲ್ಲಿನ ಚಳಿ ತಡೆಯಲಾದೀತೇ, ಶೌಚದ ವ್ಯವಸ್ಥೆ ಹೇಗಿರುತ್ತದೆ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಗೃಹಿಣಿ, ಬಳ್ಳಾರಿ

ಗುರುಗಳಿಗೆ ನಮಸ್ಕಾರ. ತಮ್ಮನ ಮನೆಗೆ ಹೋಗಿದ್ದಾಗ ನಾವು ನಾಲ್ವರು ಕಾರ್ನ್‌ವಾಲ್ ತೀರದಲ್ಲಿ ಇಂಥ ಗುಡಿಸಲಿನಲ್ಲಿ ಎರಡು ರಾತ್ರಿ ಇದ್ದೆವು. ಹೆಸರಿಗೆ ಗುಡಿಸಲಾದರೂ ಅದು ನಾಲ್ಕು ಎರಕದ ಕಬ್ಬಿಣದ ಗಾಲಿಗಳ ಮೇಲೆ ನಿಂತ, ಹೊರಗೆ ತಗಡು ಹೊದಿಸಿ ಮೇಲೆ ಕಮಾನಿನ ಚಾವಣಿ ಹಾಕಿದ ಮರದ ಕೋಣೆ. ನಾವಿದ್ದದ್ದು ಸುಮಾರು 16 ಅಡಿ ಉದ್ದ, 7 ಅಡಿ ಅಗಲವಿತ್ತು. ಅಷ್ಟರಲ್ಲಿಯೇ ಅಡ್ಡಲಾಗಿ ಒಂದು ಮಂಚ, ಅದರ ಮೇಲೆ ಮಕ್ಕಳಿಗೊಂದು ಅಟ್ಟದಂಥ ಹಾಸಿಗೆ, ಮೂಲೆಯಲ್ಲಿ ಸೌದೆ ಒಲೆ ಇದ್ದವು. ಇಬ್ಬರು ದೊಡ್ಡವರು ಒಟ್ಟಿಗೆ ನಿಂತರೆ ಮೂರನೆಯವರು ಮಂಚದ ಮೇಲೆ ಕೂರಲೇಬೇಕು. ಆದ್ದರಿಂದ ಐವರಿಗೆ ಒಂದು ಸಾಲದು, ಅಕ್ಕಪಕ್ಕದ ಎರಡನ್ನು ತೆಗೆದುಕೊಳ್ಳಿರಿ. ಗಾಲಿಯ ಎತ್ತರಕ್ಕೆ ಬಾಗಿಲಿಗೆ ನಾಲ್ಕೈದು ಕಡಿದಾದ ಮೆಟ್ಟಿಲುಗಳಿರುತ್ತವೆ. ಅಮ್ಮನವರ ಮೊಣಕಾಲಿಗಾಗಿ ಹಿಡಿಕಂಬಿ ಇರುವುದನ್ನು ಮೊದಲೇ ಕೇಳಿಕೊಳ್ಳಿರಿ.

ಶೌಚದ ವಿಷಯ ಬರೆಯಲು ಸಂಕೋಚವೆನಿಸಿದರೂ ಬರೆಯುತ್ತೇನೆ. ಹಲವು ಕಡೆ ಶೌಚಾಲಯ ಹೊರಗೆ, ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿರುತ್ತದೆ, ಅದೂ ಗೊಬ್ಬರವಾಗುವ ಒಣ ಶೌಚಾಲಯ. ನೀರಿಗೆ ಬದಲು ಮರದ ಹೊಟ್ಟು ಹಾಕಬೇಕು. ನಾವು ಅಭ್ಯಾಸದಂತೆ ತಂಬಿಗೆಗಟ್ಟಲೆ ನೀರು ಸುರಿದೆವು. ಎರಡನೆಯ ದಿನ ಬೆಳಿಗ್ಗೆ ಜಮೀನಿನ ಒಡತಿ ತುಂಬಿ ತುಳುಕುತ್ತಿದ್ದ ಡಬ್ಬಿಯನ್ನು ನೋಡಿ ಏನೂ ಅನ್ನದೆ ಗೋಡೆಯ ಮೇಲಿನ ಸೂಚನಾ ಫಲಕವನ್ನು ನೆಟ್ಟಗೆ ಮಾಡಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ನೀರು ಹಾಯುವ ಶೌಚಾಲಯವಿರುವ ಜಾಗವನ್ನೇ ಆರಿಸಿರಿ.

ಚಳಿ ತಡೆಯಬಹುದು. ಏಪ್ರಿಲ್‌ನಲ್ಲಿ ಅಲ್ಲಿ ಹಗಲು 12 ಡಿಗ್ರಿ, ರಾತ್ರಿ ಐದಾರು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒಲೆ ಹೊತ್ತಿಸಿದರೆ ಅರ್ಧ ಗಂಟೆಯಲ್ಲಿ ಒಳಗೆ ಸೆಕೆಯಾಗುವಷ್ಟು ಬೆಚ್ಚಗಾಗುತ್ತದೆ. ಆದರೆ ಗಾಳಿಕಿಂಡಿಯನ್ನು ಬಟ್ಟೆ ತುರುಕಿ ಮುಚ್ಚಬಾರದು, ಹೊರಗೆ ಉರಿಸಿದ ಇದ್ದಿಲ ಒಲೆಯನ್ನು ಆರಿತೆಂದು ತಿಳಿದು ಒಳಗೆ ತರಬಾರದು. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಅದನ್ನು ಪತ್ತೆಹಚ್ಚುವ ಅಲಾರಂ ಇದೆಯೇ ಎಂದು ನೋಡಿಯೇ ಒಳಗೆ ಸಾಮಾನು ಇಡಿರಿ.

ಉತ್ತರ 2: ಪಶುವೈದ್ಯ, ಲಿಂಗಸುಗೂರು

ಸರ್, ಮೆಟ್ಟಿಲು, ಒಲೆಗಳಿಗಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಆ ಜಮೀನಿನಲ್ಲಿ ಕುರಿಗಳಿವೆಯೇ? ಬ್ರಿಟನ್ನಿನಲ್ಲಿ ಕುರಿಗಳು ಹೆಚ್ಚಾಗಿ ಈಯುವುದು ಚಳಿಗಾಲದ ಕೊನೆಯಿಂದ ವಸಂತದವರೆಗೆ, ಏಪ್ರಿಲ್ ಅದರ ಭರಾಟೆಯ ಕಾಲ. ಈಯುವ ಕುರಿ, ಅದರ ಮಾಸು, ಆಗತಾನೇ ಹುಟ್ಟಿದ ಮರಿ, ಇವುಗಳ ಹತ್ತಿರ ಗರ್ಭಿಣಿಯರು ಹೋಗಬಾರದೆಂದು ಅಲ್ಲಿನ ಆರೋಗ್ಯ ಇಲಾಖೆಯೇ ಎಚ್ಚರಿಸುತ್ತದೆ. ಕುರಿಗಳು ಕಂದು ಹಾಕಲು ಕಾರಣವಾಗುವ ಕ್ಲಮೈಡಿಯಾ, ಟಾಕ್ಸೊಪ್ಲಾಸ್ಮಾ, ಲಿಸ್ಟೀರಿಯಾ, ಕ್ಯೂ ಜ್ವರದ ರೋಗಾಣುಗಳು ಮನುಷ್ಯರಿಗೂ ತಗಲುತ್ತವೆ ಮತ್ತು ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ ತರುತ್ತವೆ. ಕುರಿ ಆರೋಗ್ಯವಾಗಿಯೇ ಕಾಣುತ್ತಿದ್ದರೂ ಅದರಲ್ಲಿ ರೋಗಾಣು ಇರಬಹುದು. ಮೊಮ್ಮಗ ಮರಿಗೆ ಸೀಸೆಯ ಹಾಲು ಕುಡಿಸಿ ಬಂದು ಅದೇ ಅಂಗಿಯಲ್ಲಿ ತಾಯಿಯ ತೊಡೆಯೇರಿದರೂ ಸಾಕು. ಆ ಬಟ್ಟೆ, ಬೂಟುಗಳನ್ನು ಸೊಸೆಯವರು ತೊಳೆಯಕೂಡದು. ನಮ್ಮ ಕಡೆ ಈ ಮಾತನ್ನು ಯಾರೂ ಹೇಳುವುದಿಲ್ಲ, ಹೇಳಬೇಕಾಗಿತ್ತು.

ಅಮ್ಮನವರ ಮಾತಿಗೂ ಒಂದು ಉತ್ತರ ಕೊಡಬೇಕು, ಏಕೆಂದರೆ ಅವರು ನಕ್ಕದ್ದರಲ್ಲಿ ಅರ್ಧ ನಿಜವಿದೆ. ನಮ್ಮಜ್ಜ ಕುರಿಗಾಹಿ. ಸುಗ್ಗಿ ಮುಗಿದ ಮೇಲೆ ಕೆಂಗುರಿ ಹಿಂಡನ್ನು ಹೊಡೆದುಕೊಂಡು ಊರೂರು ತಿರುಗಿ, ರಾತ್ರಿ ರೈತರ ಹೊಲದಲ್ಲಿ ಬಲೆಯ ದೊಡ್ಡಿ ಹಾಕಿ ಕುರಿ ನಿಲ್ಲಿಸುತ್ತಿದ್ದ. ಹಿಕ್ಕೆ, ಗಂಜಲ ಬಿದ್ದ ಹೊಲಕ್ಕೆ ರೈತ ಜೋಳ ಅಳೆದು ಕೊಡುತ್ತಿದ್ದ. ದಕ್ಷಿಣ ಇಂಗ್ಲೆಂಡಿನ ಸುಣ್ಣಕಲ್ಲು ದಿಬ್ಬಗಳಲ್ಲಿಯೂ ಇದೇ ಪದ್ಧತಿ ಇತ್ತು. ಹೆಣೆದ ತಡಿಕೆಗಳನ್ನು ಹೊಲದಲ್ಲಿ ನಿಲ್ಲಿಸಿ ಗೊಬ್ಬರಕ್ಕಾಗಿ ಕುರಿ ಕೂಡುತ್ತಿದ್ದರು, ಹಿಂಡು ಮುಂದಿನ ಹೊಲಕ್ಕೆ ಸರಿದಂತೆ ಗುಡಿಸಲನ್ನು ಕುದುರೆ ಕಟ್ಟಿ ಎಳೆಯುತ್ತಿದ್ದರು. ಗಾಲಿಗಳಿರುವುದು ಅದಕ್ಕೆ. ಒಳಗಿನ ಒಲೆ ಕುರಿಗಾಹಿಗೆ ಎಷ್ಟೋ ಅಷ್ಟೇ ಚಳಿಗೆ ಸೆಟೆದ ಮರಿಗೂ ಬೇಕಾಗಿತ್ತು, ಕೆಲವು ಗುಡಿಸಲುಗಳಲ್ಲಿ ಮಂಚದ ಕೆಳಗೆ ಮರಿಗಳಿಗೆಂದೇ ಗೂಡು ಇರುತ್ತಿತ್ತು. ರಾಸಾಯನಿಕ ಗೊಬ್ಬರ ಬಂದ ಮೇಲೆ ಇವು ಕೆಲಸವಿಲ್ಲದೆ ತುಕ್ಕು ಹಿಡಿದವು, ಕೆಲವು ಕೋಳಿಗೂಡುಗಳಾದವು. ಈಗ ಅದೇ ಆಕಾರದಲ್ಲಿ ಹೊಸದಾಗಿ ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ನಮ್ಮಜ್ಜನಿಗೆ ಮಾತ್ರ ಗಾಲಿಯೂ ಇರಲಿಲ್ಲ, ಒಲೆಯೂ ಇರಲಿಲ್ಲ, ಇದ್ದದ್ದು ತಲೆಯಿಂದ ಇಳಿಬಿಟ್ಟ ಕಂಬಳಿಯ ಕೊಪ್ಪೆ ಒಂದೇ.

ಉತ್ತರ 3: ಸಿಂಧನೂರಿನವ, ಸದ್ಯ ಕಾರ್ಡಿಫ್

ಕಡಲ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕಾರವಾರದಲ್ಲಿ ಉಬ್ಬರವಿಳಿತದ ಅಂತರ ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು. ಪೆಂಬ್ರೋಕ್‌ಶೈರ್‌ನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಚೀಚೆ ಅದು ಆರು ಮೀಟರ್ ದಾಟುತ್ತದೆ. ನೀರು ಇಳಿದಾಗ ಬಂಡೆಯ ಮೂಲೆ ಸುತ್ತಿ ಪಕ್ಕದ ಮರಳಿಗೆ ನಡೆದು ಹೋದವರಿಗೆ ಮರಳುವಷ್ಟರಲ್ಲಿ ದಾರಿಯೇ ಇರುವುದಿಲ್ಲ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ನಿನ್ನೆಯ ಅಂದಾಜು ಇಂದು ನಡೆಯುವುದಿಲ್ಲ, ಅಂದಂದಿನ ವೇಳಾಪಟ್ಟಿಯನ್ನು ಜಮೀನಿನವರಲ್ಲಿ ಕೇಳಿರಿ. ಸಿಕ್ಕಿಕೊಂಡರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಹೇಳಬೇಕು. ತೀರದ ಕಾಲುದಾರಿ ಸುಮಾರು 300 ಕಿ.ಮೀ. ಉದ್ದವಿದ್ದು ಬಹಳ ಸುಂದರವಾಗಿದೆ, ಆದರೆ ಎಷ್ಟೋ ಕಡೆ ಕಡಿದಾದ ಬಂಡೆಯ ಅಂಚಿನಲ್ಲಿಯೇ ಬೇಲಿಯಿಲ್ಲದೆ ಸಾಗುತ್ತದೆ. ಮೊಮ್ಮಗನ ಕೈ ಬಿಡಬೇಡಿರಿ.

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಧಾರಾಳವಾಗಿ ತನ್ನಿರಿ. ಹಾಲಿನ ಪದಾರ್ಥಗಳನ್ನು ಭಾರತದಿಂದ ಒಳಗೆ ಬಿಡುವುದಿಲ್ಲವಾದ್ದರಿಂದ ಪೇಡೆ ಬೇಡ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರರ ಉತ್ತರ ಓದಿದ ರಾತ್ರಿಯೇ ಮಗನಿಗೆ ಫೋನ್ ಮಾಡಿದೆ. ಅವನು ವಿಚಾರಿಸಿದಾಗ, ಆ ಜಮೀನಿನಲ್ಲಿ ಮೂವತ್ತು ಕುರಿಗಳಿವೆಯೆಂದೂ ಏಪ್ರಿಲ್ ಪೂರ್ತಿ ಅವು ಈಯುತ್ತವೆಯೆಂದೂ, ಬಂದವರ ಮಕ್ಕಳಿಗೆ ಮರಿ ಎತ್ತಿಕೊಳ್ಳಲು ಕೊಡುವುದೇ ಅಲ್ಲಿನ ಆಕರ್ಷಣೆಯೆಂದೂ ತಿಳಿಯಿತು. ಅದನ್ನು ಬಿಟ್ಟು, ಕುರಿ ಸಾಕದ, ಬರೀ ತರಕಾರಿ ಬೆಳೆಯುವ ಬೇರೊಂದು ಜಮೀನಿನಲ್ಲಿ ಮೇ ಕೊನೆಯ ಶಾಲಾ ರಜೆಗೆ ಎರಡು ಗುಡಿಸಲುಗಳನ್ನು ಹಿಡಿದಿದ್ದಾನೆ. ನೀರಿನ ಶೌಚಾಲಯವಿದೆ, ಮೆಟ್ಟಿಲಿಗೆ ಹಿಡಿಕಂಬಿಯೂ ಇದೆಯಂತೆ.

ನನ್ನಾಕೆ ಈಗ ಕಪಾಟಿನಿಂದ ಹಳೆಯ ಕಂಬಳಿ ತೆಗೆದು ಬಿಸಿಲಿಗೆ ಹಾಕಿದ್ದಾಳೆ. ತೂಗಿ ನೋಡಿದೆ, ಮೂರು ಕಿಲೋ ಇದೆ. ವಿಮಾನದಲ್ಲಿ ಅದನ್ನು ಹೆಗಲ ಮೇಲೆ ಹೊದ್ದುಕೊಂಡೇ ಹೋದರೆ ಸಾಮಾನಿನ ತೂಕಕ್ಕೆ ಸೇರಿಸುತ್ತಾರೆಯೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.