ಸಹಾಯ ಬೇಕು: ಕಂಪ್ಯೂಟರ್ ಆನ್ ಆಗ್ತಿಲ್ಲ, ಅಪ್ಪನ ಫೈಲುಗಳನ್ನ ಉಳಿಸಬೇಕು

ಎಲ್ಲರಿಗೂ ನಮಸ್ಕಾರ. ಮನೆಯ ಡೆಸ್ಕ್‌ಟಾಪ್, ವಿಂಡೋಸ್ 10, 1 ಟಿಬಿ ಹಾರ್ಡ್ ಡಿಸ್ಕ್. ಮೊನ್ನೆ ಮಳೆಗೆ ಕರೆಂಟ್ ಹೋಗಿ ಬಂದು ಮಾಡಿದ ಮೇಲೆ ಪದೇ ಪದೇ ನೀಲಿ ಪರದೆ ಬರೋಕೆ ಶುರುವಾಯ್ತು. ಈಗ ವಿಂಡೋಸ್ ತೆರೆಯೋದೇ ಇಲ್ಲ. ‘ಆಟೋಮ್ಯಾಟಿಕ್ ರಿಪೇರಿ’ ಅಂತ ತೋರಿಸಿ, ರೀಸ್ಟಾರ್ಟ್ ಆಗಿ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೆ. ರ‍್ಯಾಮ್ ತೆಗೆದು ಒರೆಸಿ ಹಾಕಿ ನೋಡಿದೆ, ವ್ಯತ್ಯಾಸ ಇಲ್ಲ. ನನಗೆ ಅನುಮಾನ ಹಾರ್ಡ್ ಡಿಸ್ಕ್ ಮೇಲೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯೋ ಸೆಟ್ಟಿಂಗ್ಸ್ ಪರದೆ) ಒಮ್ಮೆ ಕಾಣುತ್ತೆ, ಇನ್ನೊಮ್ಮೆ ಕಾಣಲ್ಲ. ಕಿವಿಗೊಟ್ಟರೆ ಒಳಗಿಂದ ಟಕ್ ಟಕ್ ಸದ್ದು.

ಅಂಗಡಿಯವರು ಫಾರ್ಮ್ಯಾಟ್ ಮಾಡೋಣ ಅಂತಾರೆ. ದಯವಿಟ್ಟು ಆ ಸಲಹೆ ಮಾತ್ರ ಬೇಡ. ಅಪ್ಪ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ನಮ್ಮೂರಿನ ಸೋಬಾನೆ ಪದಗಳೆಲ್ಲ ಅದರಲ್ಲೇ ಇವೆ. ಹಾಡಿದ ಅಜ್ಜಿಯರಲ್ಲಿ ಹೆಚ್ಚಿನವರು ಈಗಿಲ್ಲ, ಮತ್ತೆ ಕೇಳಿ ಬರೆದುಕೊಳ್ಳೋಣ ಅಂದ್ರೂ ಆಗಲ್ಲ.

ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸೋ ಆಪರೇಟಿಂಗ್ ಸಿಸ್ಟಮ್) ಇರೋ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಫೈಲ್ ಕಾಪಿ ಮಾಡ್ಕೋಬಹುದಾ? ಇಲ್ಲಾ, ಸದ್ದು ಮಾಡೋ ಡಿಸ್ಕನ್ನ ಇನ್ನೊಮ್ಮೆ ಆನ್ ಮಾಡೋದೇ ಅಪಾಯನಾ? ಚೆಕ್‌ಡಿಸ್ಕ್ (ಡಿಸ್ಕ್‌ನ ದೋಷ ಹುಡುಕೋ ವಿಂಡೋಸ್ ಟೂಲ್) ಓಡಿಸಿದ್ರೆ ಹಾಳಾಗ್ತಿರೋ ಡಿಸ್ಕ್‌ಗೆ ಇನ್ನಷ್ಟು ಹೊರೆ ಅಂತ ಅದಕ್ಕೆ ಕೈ ಹಾಕಿಲ್ಲ. ಸದ್ಯ ಪ್ಲಗ್ ತೆಗೆದಿಟ್ಟಿದ್ದೀನಿ. ಶಿವಮೊಗ್ಗ ಅಥವಾ ಬೆಂಗಳೂರಲ್ಲಿ ಡೇಟಾ ರಿಕವರಿ ಮಾಡೋ ನಂಬಿಕಸ್ತರು ಯಾರಾದ್ರೂ ಗೊತ್ತಿದ್ರೆ ಹೇಳಿ, ಅಂದಾಜು ಖರ್ಚನ್ನೂ ತಿಳಿಸಿ.