ಬಜೆ ಬಗ್ಗೆ ಕೇಳಿ: ಆಯುರ್ವೇದ ವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಸಾಗರ): ಮೇಡಂ, ನಮ್ಮ ತೋಟದ ಕಾಲುವೆ ಪಕ್ಕ ಉದ್ದ ಎಲೆಯ ಗಿಡ ಹಿಂಡಾಗಿ ಬೆಳೆದಿದೆ. ಅತ್ತೆ ಬಜೆ ಅಂತಾರೆ. ನರ್ಸರಿಯವರು ಐರಿಸ್ ಅಂತ ಹೂವಿನ ಗಿಡ ಇರಬಹುದು ಅಂದರು. ಹೇಗೆ ಗುರುತಿಸೋದು?

ಉತ್ತರ: ಮೊದಲು ಒಂದು ಎಲೆ ಕಿತ್ತು ಅಂಗೈಯಲ್ಲಿ ಚೆನ್ನಾಗಿ ಉಜ್ಜಿ ನೋಡಿ. ಬಜೆ ಆಗಿದ್ದರೆ ಸಿಹಿಯೂ ಘಾಟೂ ಬೆರೆತ ವಾಸನೆ ಕೂಡಲೇ ಬರುತ್ತದೆ. ಕೈ ತೊಳೆದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಐರಿಸ್ ಎಲೆಗೆ ಹಸಿ ಹುಲ್ಲಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ.

ಆಮೇಲೆ ಎಲೆಯನ್ನು ಬೆಳಕಿಗೆ ಹಿಡಿಯಿರಿ. ಬಜೆ ಎಲೆಯ ನಡುವೆ ಒಂದು ದಪ್ಪ ನರ ಏಣಿನ ಹಾಗೆ ಎದ್ದಿರುತ್ತದೆ, ಅದೂ ಸರಿಯಾಗಿ ಮಧ್ಯದಲ್ಲಿರದೆ ಒಂದು ಬದಿಗೆ ಸರಿದಿರುತ್ತದೆ. ಒಂದು ಅಂಚು ಸಾಮಾನ್ಯವಾಗಿ ಸಣ್ಣಗೆ ನೆರಿಗೆ ಬಿದ್ದಿರುತ್ತದೆ. ಎಲೆಯ ಬುಡ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಬಣ್ಣದ ಹೂ ಬಿಟ್ಟರೆ ಅದು ಬಜೆ ಅಲ್ಲವೇ ಅಲ್ಲ. ಬಜೆಯದು ಹೂ ಅಂತ ಅನ್ನಿಸದ, ಬೆರಳುದ್ದದ ಹಸಿರು-ಹಳದಿ ತೆನೆ. ಎಲೆಯಂಥದೇ ದಂಟಿನ ಪಕ್ಕದಿಂದ ಓರೆಯಾಗಿ ಹೊರಡುತ್ತದೆ.

ಇನ್ನೂ ಅನುಮಾನ ಇದ್ದರೆ ಗಡ್ಡೆ ಅಗೆಯಿರಿ. ಬೆರಳು ದಪ್ಪ, ಅಡ್ಡಡ್ಡ ಹರಿಯುತ್ತದೆ. ಮೇಲ್ಗಡೆ ಎಲೆ ಉದುರಿದ ಗುರುತು, ಕೆಳಗಡೆ ಬೇರು ಕಿತ್ತ ಚುಕ್ಕೆಗಳು. ಒಳಗೆ ಬೆಳ್ಳಗೆ, ಮೆತ್ತಗೆ. ಐರಿಸ್ ಗಡ್ಡೆ ತಿಂದರೆ ವಾಂತಿ ಭೇದಿ ಆಗುತ್ತದೆ. ಹಾಗಾಗಿ ಖಾತ್ರಿ ಆಗುವ ತನಕ ಬಾಯಿಗೆ ಹಾಕಬೇಡಿ.

ಪ್ರಶ್ನೆ (ಬೆಂಗಳೂರು): ಡಾಕ್ಟ್ರೇ, ನಾನು ಎರಡು ತಿಂಗಳ ಬಾಣಂತಿ. ಮಗುವಿಗೆ ದಿನಾ ಬಜೆ ತೇಯ್ದು ಜೇನಲ್ಲಿ ನೆಕ್ಕಿಸಬೇಕು, ಮಾತು ಬೇಗ ಬರುತ್ತೆ, ಬುದ್ಧಿ ಚುರುಕಾಗುತ್ತೆ ಅಂತ ಅಮ್ಮ ಹೇಳ್ತಾರೆ. ಮಕ್ಕಳ ಡಾಕ್ಟರ್ ಬೇಡ ಅಂದಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಮಕ್ಕಳ ಡಾಕ್ಟರ ಮಾತು ಕೇಳಮ್ಮ. ಆಯುರ್ವೇದ ಓದಿದವಳಾಗಿಯೇ ಹೇಳುತ್ತಿದ್ದೇನೆ.

ಜೇನಿನ ವಿಷಯ ಮೊದಲು. ಒಂದು ವರ್ಷ ತುಂಬುವ ತನಕ ಮಗುವಿಗೆ ಜೇನು ಯಾವ ನೆಪದಲ್ಲೂ ಬೇಡ. ಅದರಲ್ಲಿ ಬಾಟುಲಿಸಂ, ಅಂದರೆ ನರಗಳ ಶಕ್ತಿ ಕುಂದಿಸುವ ಕಾಯಿಲೆಯ ರೋಗಾಣುವಿನ ಬೀಜಕಣ ಇರಬಹುದು. ದೊಡ್ಡವರಿಗೆ ಏನೂ ಆಗುವುದಿಲ್ಲ, ಎಳೆ ಕರುಳಲ್ಲಿ ಅದು ಮೊಳೆತು ವಿಷ ಬಿಡುತ್ತದೆ. ಆರು ತಿಂಗಳು ಎದೆಹಾಲು ಮಾತ್ರ ಸಾಕು.

ಇನ್ನು ಬಜೆ. ಅದರ ಎಣ್ಣೆಯಲ್ಲಿ ಬೀಟಾ-ಅಸರೋನ್ ಅನ್ನುವ ಅಂಶ ಇದೆ. ಬಜೆ ಒಂದೇ ಗಿಡ ಅಂದುಕೊಂಡರೂ ಅದರಲ್ಲಿ ಬೇರೆ ಬೇರೆ ಬಗೆ ಇವೆ. ಉತ್ತರ ಅಮೆರಿಕದ ಬಗೆಯಲ್ಲಿ ಈ ಅಂಶ ಇಲ್ಲ, ಯುರೋಪಿನದರಲ್ಲಿ ಕಡಿಮೆ. ನಮ್ಮ ದೇಶದ್ದರಲ್ಲೇ ಜಾಸ್ತಿ. ಜಮ್ಮುವಿನ ಬಜೆ ಎಣ್ಣೆಯನ್ನು ಬಹುಕಾಲ ತಿನ್ನಿಸಿದ ಇಲಿಗಳ ಕರುಳಲ್ಲಿ ದುರ್ಮಾಂಸದ ಗಡ್ಡೆ (ಟ್ಯೂಮರ್) ಕಾಣಿಸಿಕೊಂಡಿತು. 1968ರಲ್ಲಿ ಅಮೆರಿಕ ಆಹಾರದಲ್ಲಿ ಬಜೆ ಬಳಸುವುದನ್ನೇ ನಿಷೇಧಿಸಿತು. ಇಲಿಗಾದದ್ದು ಮನುಷ್ಯರಿಗೂ ಹಾಗೇ ಆಗುತ್ತದೆ ಅಂತಲ್ಲ. ಆದರೆ ನಾಲ್ಕೈದು ಕಿಲೋ ತೂಗುವ ಕೂಸಿನ ಮೇಲೆ ಪರೀಕ್ಷೆ ಮಾಡುವ ಅಗತ್ಯ ಏನಿದೆ ಹೇಳು?

ಮರುಪ್ರಶ್ನೆ (ಹಾಸನ): ನಾವೆಲ್ಲ ಬಜೆ ನೆಕ್ಕಿಯೇ ಬೆಳೆದವರಲ್ವಾ ಮೇಡಂ? ಶಾಸ್ತ್ರದಲ್ಲೇ ಇದೆಯಲ್ಲ.

ಉತ್ತರ: ಶಾಸ್ತ್ರದಲ್ಲಿ ಖಂಡಿತ ಇದೆ ಸರ್. ಆದರೆ ಶಾಸ್ತ್ರ ಬಜೆಯನ್ನು ಸುಮ್ನೆ ಕೊಡು ಅನ್ನುವುದಿಲ್ಲ. ಮೊದಲು ಶುದ್ಧಿ ಆಗಬೇಕು. ಗೋಮೂತ್ರದಲ್ಲಿ ಬೇಯಿಸಿ, ಮುಂಡಿ ಅನ್ನುವ ಮೂಲಿಕೆಯ ಕಷಾಯದಲ್ಲಿ ಬೇಯಿಸಿ, ಪಂಚಪಲ್ಲವ ಅಂದರೆ ಐದು ಮರಗಳ ಎಲೆಯ ಕಷಾಯದಲ್ಲಿ ಬೇಯಿಸಿ, ಕೊನೆಗೆ ಸುಗಂಧದ ನೀರಿನ ಹಬೆ ಕೊಡುತ್ತಾರೆ. ಇಷ್ಟೆಲ್ಲ ಯಾಕೆ ಮಾಡಿದರು? ಅದರ ತೀಕ್ಷ್ಣತೆ ಅವರಿಗೆ ಗೊತ್ತಿತ್ತು. ಗ್ರಂಧಿಗೆ ಅಂಗಡಿಯಿಂದ ತಂದ ತುಂಡನ್ನು ನೇರ ಸಾಣೆಕಲ್ಲಿಗೆ ಹಚ್ಚುವಾಗ ಇದೆಲ್ಲ ಬಿಟ್ಟೇ ಹೋಗುತ್ತದೆ.

ಪ್ರಮಾಣವನ್ನೂ ನೋಡಿ. ಆಯುರ್ವೇದ ಫಾರ್ಮಕೋಪಿಯಾ (ಸರ್ಕಾರದ ಔಷಧ ಪ್ರಮಾಣಗ್ರಂಥ) ಹೇಳುವ ಪುಡಿಯ ಪ್ರಮಾಣ 60ರಿಂದ 120 ಮಿಲಿಗ್ರಾಂ. ಒಂದೆರಡು ಗ್ರಾಂ ಆದರೆ ಅದು ವಾಂತಿ ಮಾಡಿಸುವ ಮದ್ದು. ಔಷಧಕ್ಕೂ ವಾಂತಿಗೂ ನಡುವೆ ಇರುವುದು ಇಷ್ಟೇ. ಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರೆ ಎಷ್ಟು ಮಿಲಿಗ್ರಾಂ ಬಂತು ಅಂತ ಯಾರು ಅಳೆಯುತ್ತಾರೆ? ಬಜೆ ನೆಕ್ಕಿಸಿದ ಮೇಲೆ ಒಂದೇ ಸಮ ವಾಂತಿ ಮಾಡಿಕೊಂಡ ಕೂಸುಗಳನ್ನು ನಾನು ನೋಡಿದ್ದೇನೆ. ಅಜ್ಜಿಯರ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಅದಕ್ಕೇ ಅವರ ಹತ್ತಿರವೇ ಕೂತು ಇದನ್ನು ಹೇಳಿ ಅನ್ನುತ್ತೇನೆ.

ಕೈಗೆ ಕಟ್ಟುವ ಬಜೆ ಬಳೆ ಬಗ್ಗೆಯೂ ಕೇಳುತ್ತಾರೆ. ಮಗು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸಿಗೆ ಬಂದ ಮೇಲೆ ಬಿಚ್ಚಿಡಿ. ತುಂಡು ಕಳಚಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ (ಮಧುಗಿರಿ): ಕೆರೆ ಹಿಂದೆ ಅರ್ಧ ಎಕರೆ ಗದ್ದೆ ಇದೆ, ನೀರು ನಿಲ್ಲುತ್ತೆ. ಭತ್ತ ಬಿಟ್ಟು ಬಜೆ ಹಾಕಬಹುದಾ ಅಕ್ಕಾ?

ಉತ್ತರ: ಧಾರಾಳವಾಗಿ ಹಾಕಬಹುದು ಅಣ್ಣಾ. ನಿಮ್ಮ ಪಕ್ಕದ ಕೊರಟಗೆರೆ ತಾಲ್ಲೂಕು ಬಜೆ ಬೆಳೆಗೆ ಹೆಸರಾದದ್ದು. ಅಲ್ಲಿನ ಹಳೆ ಬೆಳೆಗಾರರನ್ನು ಹುಡುಕಿ ಮಾತಾಡಿಸಿ, ಬಿತ್ತನೆ ಗಡ್ಡೆಯೂ ಅಲ್ಲೇ ವಿಚಾರಿಸಿ.

ಕೆಲಸ ಹೆಚ್ಚುಕಮ್ಮಿ ಭತ್ತದ್ದೇ. ಎಕರೆಗೆ ಸುಮಾರು 6 ಟನ್ ಕೊಟ್ಟಿಗೆ ಗೊಬ್ಬರ ಹಾಕಿ, ಕೆಸರು ಮಾಡಿ. ಬಜೆಯನ್ನು ಬೀಜದಿಂದ ಬೆಳೆಯುವುದಿಲ್ಲ, ಗಡ್ಡೆ ತುಂಡಿನಿಂದಲೇ. ಮೊಳಕೆ ಇರುವ ತುದಿ ತುಂಡುಗಳನ್ನು ಒಂದಡಿಗೆ ಒಂದರಂತೆ, ಎರಡು ಇಂಚಿನಷ್ಟು ಆಳಕ್ಕೆ ನೆಡಿ. ಮಳೆ ಹಿಡಿದ ಮೇಲೆ, ಜೂನ್‌ನಿಂದ ಆಗಸ್ಟ್ ಒಳಗೆ ಮುಗಿಸಿ. ನಿಮ್ಮ ಅರ್ಧ ಎಕರೆಗೆ ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ ತುಂಡು ಬೇಕು. ಮೊದಲ ವರ್ಷ ಎರಡು ಗುಂಟೆಯಲ್ಲಿ ಹಾಕಿ ನಿಮ್ಮದೇ ಗಡ್ಡೆ ಮಾಡಿಕೊಂಡರೆ ಖರ್ಚು ಉಳಿಯುತ್ತದೆ.

ಮೊದಲು ಎರಡು ಇಂಚು ನೀರು, ಗಿಡ ಎದ್ದ ಮೇಲೆ ನಾಲ್ಕು ಇಂಚು. ಶುರುವಿನ ತಿಂಗಳುಗಳಲ್ಲಿ ಕಳೆ ಬಿಡಬೇಡಿ. ಬಿಳಿ ಹಿಟ್ಟು ತಿಗಣೆ ಬರುತ್ತದೆ, ಎಲೆ ಬುಡ ಮತ್ತು ಗಡ್ಡೆ ನೋಡುತ್ತಿರಿ.

ವರ್ಷದ ಹೊತ್ತಿಗೆ ಎಲೆ ಹಳದಿಯಾಗಿ ಒಣಗುತ್ತದೆ. ಆಗ ನೀರು ಬಸಿಯಿರಿ. ಪೂರ್ತಿ ಒಣಗಲು ಬಿಡಬೇಡಿ, ನೆಲ ಸ್ವಲ್ಪ ಹಸಿ ಇದ್ದರೆ ಗಡ್ಡೆ ಮುರಿಯದೆ ಬರುತ್ತದೆ. ತೊಳೆದು, ಎರಡು-ಮೂರು ಇಂಚಿನ ತುಂಡು ಮಾಡಿ, ನಾರುಬೇರು ತೆಗೆದು ಒಣಗಿಸಿ. ಒಣಗಿದ ಮೇಲೆ ಗೋಣಿಚೀಲದ ಮೇಲೆ ಉಜ್ಜಿದರೆ ಸಿಪ್ಪೆ ಹೋಗುತ್ತದೆ. ಕೊಳ್ಳುವವರನ್ನು ಮಾತ್ರ ನೆಡುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ಇದು ಯಾವ ಸಂತೆಗೆ ಒಯ್ದರೂ ಖರ್ಚಾಗುವ ಮಾಲಲ್ಲ.

ಪ್ರಶ್ನೆ (ಧಾರವಾಡ): ನಾನು ಹಾಡುವವಳು. ಕಛೇರಿ ಮುಂಚೆ ಬಜೆ ಅಗಿಯೋದು ಒಳ್ಳೆಯದಾ?

ಉತ್ತರ: ಗಂಟಲಿಗೆ ಬಜೆ ಹಳೆಯ ರೂಢಿ. ಅಪರೂಪಕ್ಕೆ ಕಡ್ಡಿ ತುದಿಯಷ್ಟು ಬಾಯಲ್ಲಿಟ್ಟು ಉಗುಳಿದರೆ ತೊಂದರೆ ಆಗಲಿಕ್ಕಿಲ್ಲ. ದಿನಾ ಅಭ್ಯಾಸ ಬೇಡ. ಗರ್ಭಿಣಿಯರು ಮುಟ್ಟಲೇ ಬಾರದು. ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ ತಗೊಳ್ಳುವವರೂ ಬಿಡಬೇಕು. ಬಜೆ ಮಂಪರು ತರಿಸುತ್ತದೆ. ದಿನಾ ಬೇಕಾದರೆ ಜೇಷ್ಠಮಧು ಇದೆ, ಬಿಪಿ ಇಲ್ಲದಿದ್ದರೆ ಅದನ್ನೇ ಸ್ವಲ್ಪ ಸ್ವಲ್ಪ ಬಳಸಿ. ಸಾರಸ್ವತಾರಿಷ್ಟ ಅನ್ನುವ ಆಯುರ್ವೇದ ಔಷಧದಲ್ಲೂ ಬಜೆ ಇರುತ್ತದೆ, ವೈದ್ಯರನ್ನು ಕೇಳದೆ ಅದನ್ನೂ ಶುರು ಮಾಡಬೇಡಿ.

ಪ್ರಶ್ನೆ (ಮಂಡ್ಯ): ಮನೇಲಿ ಒಂದು ಡಬ್ಬಿ ಒಣ ಬಜೆ ಇದೆ. ಏನು ಮಾಡಲಿ?

ಉತ್ತರ: ಬಿತ್ತನೆಗೆ ಇಟ್ಟ ಭತ್ತ, ಕಾಳು ಇದ್ದರೆ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿ ಚೀಲದೊಳಗೆ ಇಡಿ. ಅದೇ ಅಸರೋನ್ ಹುಳುಗಳ ಸಂತಾನಶಕ್ತಿಗೆ ಪೆಟ್ಟು ಕೊಡುತ್ತದೆ. ಉಣ್ಣುವ ಅಕ್ಕಿಗೆ ಬೇಡ, ಅದಕ್ಕೆ ಬಿಸಿಲು ಮತ್ತು ಒಣಗಿದ ಬೇವಿನೆಲೆ ಸಾಕು. ಡಬ್ಬಿಯ ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ.