ಬೆಂಗಳೂರು–ಮೈಸೂರು ಜೋಡಿ ಮಾರ್ಗವಾಗಿ, ವಿದ್ಯುದೀಕರಣವೂ ಆದ ಮೇಲೆ ಮೆಮು ರೈಲುಗಳು ಏಕೆ ಹೆಚ್ಚುತ್ತಿಲ್ಲ?

ಶಿಂಷಾತೀರ (ಪ್ರಶ್ನೆ)

ಬೆಂಗಳೂರು–ಮೈಸೂರು ನಡುವಿನ ಸುಮಾರು 139 ಕಿ.ಮೀ. ರೈಲು ಮಾರ್ಗವು ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಾಗಿ, ಆಮೇಲೆ ಜೋಡಿ ಮಾರ್ಗವಾಗಿ, ವಿದ್ಯುದೀಕರಣವನ್ನೂ ಕಂಡು ವರ್ಷಗಳೇ ಕಳೆದಿವೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆ ಎರಡನೆಯ ಹಳಿಗೆ ಅಡ್ಡವಾಗಿದ್ದ ಕಾರಣ ಕಾಮಗಾರಿ ಬಹುಕಾಲ ನಿಂತು, 2017ರಲ್ಲಿ ಆ ಕಟ್ಟಡವನ್ನು ಕೆಡವದೆ ಇಡಿಯಾಗಿ ಪಕ್ಕಕ್ಕೆ ಸರಿಸಿದ ಸುದ್ದಿಯನ್ನು ಇಲ್ಲಿ ಹಲವರು ಓದಿಯೇ ಇರುತ್ತೀರಿ. ಒಂಟಿ ಹಳಿ ಇದ್ದಾಗ ಎದುರು ರೈಲಿನ ಕ್ರಾಸಿಂಗ್‌ಗಾಗಿ ಕಾಯಬೇಕಾಗುತ್ತದೆ ಎಂಬುದನ್ನು ನಾವೆಲ್ಲ ಒಪ್ಪಿಕೊಂಡಿದ್ದೆವು, ಏಕೆಂದರೆ ಅದಕ್ಕೆ ಬೇರೆ ದಾರಿ ಇರಲಿಲ್ಲ. ಈಗ ಎರಡು ಹಳಿಗಳಿವೆ. ಆದರೂ ಬಿಡದಿ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳಿಂದ ಬೆಳಗ್ಗೆ ಹೋಗಿ ಸಂಜೆ ಮರಳುವವರಿಗೆ ಸಿಗುವ ಮೆಮು ರೈಲುಗಳು (ಪ್ರತ್ಯೇಕ ಎಂಜಿನ್ ಇಲ್ಲದೆ ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲುಗಳು) ಬೇಡಿಕೆಗೆ ತಕ್ಕಷ್ಟು ಹೆಚ್ಚಿಲ್ಲ.

2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್‌ನಿಂದ ಅದರ ಮುಖ್ಯ ಪಥದಲ್ಲಿ ಬೈಕು ಮತ್ತು ಆಟೋಗಳಿಗೆ ಪ್ರವೇಶ ನಿಂತಿತು. ಕಾರಿಲ್ಲದವನ ಪಾಲಿಗೆ ಈ ಎಲ್ಲ ಅಭಿವೃದ್ಧಿಯಲ್ಲಿ ಉಳಿದಿರುವುದು ಸರ್ವಿಸ್ ರಸ್ತೆ, ಬಸ್ಸು ಮತ್ತು ರೈಲು ಮಾತ್ರ.

ನಮ್ಮ ಭಾಗದ ಪ್ರಯಾಣಿಕರು ಒಂದು ಮನವಿ ಸಿದ್ಧಪಡಿಸುತ್ತಿದ್ದೇವೆ. ಹಳಿಯ ಸಾಮರ್ಥ್ಯವೇ ತುಂಬಿಹೋಗಿದೆಯೇ, ರೇಕುಗಳ (ಒಂದು ರೈಲಿಗೆ ಬೇಕಾದ ಬೋಗಿಗಳ ಜೋಡಣೆ) ಕೊರತೆಯೇ, ಅಥವಾ ಮನಸ್ಸಿನ ಕೊರತೆಯೇ ಎಂಬುದು ತಿಳಿದರೆ ಏನನ್ನು ಕೇಳಬೇಕೆಂಬುದು ಸ್ಪಷ್ಟವಾಗುತ್ತದೆ. ‘ಹೆಚ್ಚು ರೈಲು ಕೊಡಿ’ ಎಂದಷ್ಟೇ ಬರೆದರೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬರುವುದು ಖಚಿತ.

ಲೂಪ್‌ಲೈನ್

ಮಾನ್ಯರೇ, ನಾನು ರೈಲು ಸಂಚಾರ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಜೋಡಿ ಮಾರ್ಗ ಎದುರು ರೈಲಿನ ಸಮಸ್ಯೆಯನ್ನು ಪರಿಹರಿಸುತ್ತದೆಯೇ ಹೊರತು ಹಿಂದಿನಿಂದ ಬರುವ ರೈಲಿನ ಸಮಸ್ಯೆಯನ್ನಲ್ಲ. ಒಂದೇ ದಿಕ್ಕಿನಲ್ಲಿ ಹೋಗುವ ಎಲ್ಲ ರೈಲುಗಳಿಗೂ ಇರುವುದು ಒಂದೇ ಹಳಿ, ಮತ್ತು ಅವುಗಳ ವೇಗ ಒಂದೇ ಅಲ್ಲ.

ಲೆಕ್ಕ ಸುಲಭವಾಗಲೆಂದು ಕೆಂಗೇರಿಯಿಂದ ಮದ್ದೂರಿಗೆ 60 ಕಿ.ಮೀ. ಎಂದು ಇಟ್ಟುಕೊಳ್ಳೋಣ. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ರೈಲಿನ ಸರಾಸರಿ ವೇಗ ಗಂಟೆಗೆ 40 ಕಿ.ಮೀ. ಆದರೆ ಅದಕ್ಕೆ 90 ನಿಮಿಷ ಬೇಕು. ನಡುವೆ ಎಲ್ಲೂ ನಿಲ್ಲದ, ಸರಾಸರಿ 80 ಕಿ.ಮೀ. ವೇಗದ ರೈಲಿಗೆ 45 ನಿಮಿಷ ಸಾಕು. ಹಾಗಾದರೆ ಮೆಮು ಕೆಂಗೇರಿ ಬಿಟ್ಟ ಬಳಿಕ ಮುಕ್ಕಾಲು ಗಂಟೆ ಕಳೆಯುವವರೆಗೆ ವೇಗದ ರೈಲನ್ನು ಬಿಡುವಂತಿಲ್ಲ. ಬಿಟ್ಟರೆ ನಡುವಿನ ಯಾವುದಾದರೂ ನಿಲ್ದಾಣದಲ್ಲಿ ಮೆಮುವನ್ನು ಲೂಪ್ ಲೈನಿಗೆ, ಅಂದರೆ ಮುಖ್ಯ ಹಳಿಯ ಪಕ್ಕದ ಹಳಿಗೆ ಹಾಕಿ, ವೇಗದ ರೈಲು ದಾಟಿ ಮುಂದಿನ ಬ್ಲಾಕ್ ಸೆಕ್ಷನ್ (ಮುಂದಿನ ನಿಲ್ದಾಣದವರೆಗಿನ ಹಳಿ) ಖಾಲಿಯಾಗುವ ತನಕ ಹಿಡಿಯಬೇಕು. ಲೂಪಿಗೆ ಇಳಿಯುವಾಗ ವೇಗ ತಗ್ಗಿಸುವುದು, ನಿಂತು ಕಾಯುವುದು, ಮತ್ತೆ ಹೊರಡುವುದು ಎಲ್ಲ ಸೇರಿದರೆ ಹತ್ತು–ಹದಿನೈದು ನಿಮಿಷ ಹೋಗುತ್ತದೆ. 2022ರ ನವೆಂಬರ್‌ನಲ್ಲಿ ಚೆನ್ನೈ–ಮೈಸೂರು ವಂದೇ ಭಾರತ್ ಆರಂಭವಾದಂತೆ ಒಂದೊಂದು ವೇಗದ ರೈಲು ಸೇರಿದಾಗಲೂ ನಿಧಾನದ ರೈಲಿಗೆ ಸಿಗುವ ಅವಕಾಶ ಇಷ್ಟಿಷ್ಟೇ ಕಿರಿದಾಗುತ್ತ ಹೋಗುತ್ತದೆ.

ಆಟೊಮ್ಯಾಟಿಕ್ ಸಿಗ್ನಲ್ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಸಾಂಪ್ರದಾಯಿಕ ಬ್ಲಾಕ್ ಪದ್ಧತಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ದಿಕ್ಕಿನಲ್ಲಿ ಒಂದೇ ರೈಲು ಇರಬಹುದು. ಆಟೊಮ್ಯಾಟಿಕ್ ಪದ್ಧತಿಯಲ್ಲಿ ಸುಮಾರು ಕಿಲೋಮೀಟರಿಗೊಂದು ಸಿಗ್ನಲ್ ಇದ್ದು, ಒಂದರ ಹಿಂದೆ ಒಂದು ರೈಲು ಕೆಲವೇ ನಿಮಿಷಗಳ ಅಂತರದಲ್ಲಿ ಸಾಗಬಹುದು. ಒಂದೇ ವೇಗದ ರೈಲುಗಳಾದರೆ ಇದರಿಂದ ಬಹಳ ಲಾಭವಿದೆ. ವೇಗದಲ್ಲಿ ಇಷ್ಟು ಅಂತರವಿರುವ ರೈಲುಗಳಿಗೆ ಲಾಭ ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ನನ್ನ ದೃಷ್ಟಿಯಲ್ಲಿ ನಿಜವಾದ ಗಂಟು ಇರುವುದು ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ. ಅಲ್ಲಿರುವುದು ಹತ್ತು ಪ್ಲಾಟ್‌ಫಾರ್ಮ್. ತುಮಕೂರು, ಮೈಸೂರು, ಬಂಗಾರಪೇಟೆ ಹೀಗೆ ನಾಲ್ಕೂ ಕಡೆಯ ರೈಲುಗಳು ಅವುಗಳಿಗಾಗಿ ಸರದಿ ನಿಲ್ಲುತ್ತವೆ. ಎಂಜಿನ್ ಎಳೆಯುವ ರೈಲು ಬಂದ ದಾರಿಯಲ್ಲೇ ಮರಳಬೇಕಾದರೆ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸಬೇಕು. ದೂರದ ರೈಲಾದರೆ ರೇಕನ್ನು ತಪಾಸಣೆ, ನಿರ್ವಹಣೆಗಾಗಿ ಪಿಟ್ ಲೈನಿಗೆ ಒಯ್ಯಬೇಕು. ಮೆಮುವಿನಲ್ಲಿ ಚಾಲಕ ಈ ತುದಿಯಿಂದ ಆ ತುದಿಗೆ ನಡೆದು ಹೋದರೆ ಕೆಲಸ ಮುಗಿಯಿತು. ಆದರೆ ಮೈಸೂರು ಕಡೆಯ ಮೆಮು ಅಲ್ಲಿಯೇ ಕೊನೆಗೊಂಡು ಮುಂದಿನ ಸರದಿಗೆ ಕಾಯುತ್ತ ನಿಂತರೆ ಆ ಅನುಕೂಲವೂ ವ್ಯರ್ಥ. ಹಳಿಗಳ ಜೋಡಣೆ ಹೇಗಿದೆ ಎಂದರೆ, ಮೈಸೂರಿನಿಂದ ಬಂದ ರೈಲು ದಿಕ್ಕು ಬದಲಿಸದೆ ವೈಟ್‌ಫೀಲ್ಡ್ ಕಡೆಗೂ ಹೋಗಬಹುದು, ಯಶವಂತಪುರದ ಕಡೆಗೂ ಹೋಗಬಹುದು. ಮೆಮುಗಳನ್ನು ಮೆಜೆಸ್ಟಿಕ್‌ನಲ್ಲಿ ನಿಲ್ಲಿಸದೆ ಆಚೆಗೆ ದಾಟಿಸಿ ಓಡಿಸಿರಿ ಎಂದು ಕೇಳಿ.

ರೇಷ್ಮೆನಗರಿ

ಮೇಲಿನವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಅದರಿಂದ ಹೊರಡುವ ತೀರ್ಮಾನವನ್ನು ಪೂರ್ತಿ ಒಪ್ಪಲಾರೆ. ಲೂಪಿಗೆ ಹೋಗಬೇಕಾದುದು ಯಾವ ರೈಲು ಎಂಬುದನ್ನು ಹಳಿ ತೀರ್ಮಾನಿಸುವುದಿಲ್ಲ, ವೇಳಾಪಟ್ಟಿ ಬರೆಯುವವರು ತೀರ್ಮಾನಿಸುತ್ತಾರೆ. ಎಂಟು ಬೋಗಿಗಳ ಮೆಮುವಿನಲ್ಲಿ ಕೂತವರು, ನಿಂತವರು ಎಲ್ಲರನ್ನೂ ಎಣಿಸಿದರೆ ವೇಗದ ರೈಲಿನ ಪ್ರಯಾಣಿಕರಿಗಿಂತ ಕಡಿಮೆ ಇರಲಾರರು.

ಇದರ ಹಿಂದೆ ಹಣದ ಲೆಕ್ಕವಿದೆ. ಪ್ರಯಾಣ ವೆಚ್ಚದ ಶೇ 57ರಷ್ಟು ಮಾತ್ರ ಟಿಕೆಟ್‌ನಿಂದ ಬರುತ್ತದೆ ಎಂಬ ಸಾಲನ್ನು ರೈಲ್ವೆ ಟಿಕೆಟಿನ ಮೇಲೆಯೇ ಮುದ್ರಿಸುತ್ತ ಬಂದಿದೆ. ಅದು ಒಟ್ಟು ಸರಾಸರಿ. ಹತ್ತಿರದ ಊರುಗಳ ಅಗ್ಗದ ದರದ ರೈಲುಗಳಲ್ಲಿ ಪರಿಸ್ಥಿತಿ ಇನ್ನೂ ಕೆಳಗಿರುತ್ತದೆ. ಕೋವಿಡ್ ನಂತರ ಪ್ಯಾಸೆಂಜರ್ ರೈಲುಗಳು ಎಕ್ಸ್‌ಪ್ರೆಸ್ ಹೆಸರಿನಲ್ಲಿ ಮರಳಿ ಬಂದು, ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೆ ಏರಿ, 2024ರ ಫೆಬ್ರುವರಿಯಲ್ಲಷ್ಟೇ ಹಳೆಯ ದರಕ್ಕೆ ಇಳಿದದ್ದು ಇದೇ ಕಾರಣಕ್ಕೆ ಎಂದು ನನ್ನ ಊಹೆ. ನಷ್ಟ ತರುವ ಸೇವೆಯನ್ನು ತಾನಾಗಿ ಹೆಚ್ಚಿಸುವ ಉತ್ಸಾಹ ಯಾವ ಸಂಸ್ಥೆಗೂ ಇರುವುದಿಲ್ಲ.

ಆದ್ದರಿಂದ ಪ್ರಶ್ನೆಯನ್ನು ವಿಧಾನಸೌಧದ ಕಡೆಗೂ ತಿರುಗಿಸಬೇಕು. ಈ ಮಾರ್ಗ ಜೋಡಿಯಾಗುವಾಗ ರಾಜ್ಯವೂ ವೆಚ್ಚ ಹಂಚಿಕೊಂಡಿತ್ತು. ರಾಜ್ಯ ಮತ್ತು ರೈಲ್ವೆಯ ಜಂಟಿ ಸಂಸ್ಥೆಯಾದ ಕೆ–ರೈಡ್‌ನಲ್ಲಿ ರಾಜ್ಯದ ಪಾಲು ಶೇ 51, ರೈಲ್ವೆಯದು ಶೇ 49. ಆ ಸಂಸ್ಥೆಯ ಕೈಯಲ್ಲಿರುವ ಬೆಂಗಳೂರು ಉಪನಗರ ರೈಲು ಯೋಜನೆಗೆ 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. ನಾಲ್ಕು ಕಾರಿಡಾರ್, 148 ಕಿ.ಮೀ., 15,767 ಕೋಟಿ ರೂಪಾಯಿ. ಅದರಲ್ಲಿ ನಮ್ಮ ದಿಕ್ಕಿನದು ಕೆಂಗೇರಿ–ವೈಟ್‌ಫೀಲ್ಡ್ ನಡುವಿನ ‘ಪಾರಿಜಾತ’. ಕೆಂಗೇರಿಯಾಚೆ ಬಿಡದಿಯ ಕೈಗಾರಿಕಾ ಪ್ರದೇಶವಿದ್ದರೂ, ರಾಮನಗರದವರೆಗೆ ಊರು ಬೆಳೆದು ಬಂದಿದ್ದರೂ ಯೋಜನೆಯ ಗೆರೆ ಕೆಂಗೇರಿಗೇ ನಿಂತಿದೆ. ಕಟ್ಟಡಕ್ಕೆ, ಸೇತುವೆಗೆ ಪಾಲು ಕೊಡುವ ರಾಜ್ಯ ಸರ್ಕಾರವು ಇರುವ ಹಳಿಯಲ್ಲೇ ಓಡುವ ನಾಲ್ಕು ಹೆಚ್ಚುವರಿ ಮೆಮುಗಳ ನಷ್ಟವನ್ನು ಭರಿಸಲು ಮುಂದಾದರೆ ಅದಕ್ಕೆ ತಗಲುವ ವೆಚ್ಚ ಬಹಳ ಕಡಿಮೆ. ಅದಕ್ಕೆ ಶಂಕುಸ್ಥಾಪನೆಯ ಕಲ್ಲು ನೆಡುವಂತಿಲ್ಲ ಎಂಬುದೊಂದೇ ಕೊರತೆ!

ಸಕ್ಕರೆನಾಡು

ಸರ್, ಹೊಸ ರೈಲು ಕೇಳುವ ಮುನ್ನ ಇರುವ ರೈಲಿನ ಉದ್ದವನ್ನು ಕೇಳಿ. ಎಂಟು ಬೋಗಿಯ ಮೆಮು ಹಿಡಿಯುವ ದಾರಿಯನ್ನೇ ಹದಿನಾರು ಬೋಗಿಯ ಮೆಮುವೂ ಹಿಡಿಯುತ್ತದೆ. ವೇಳಾಪಟ್ಟಿ ಬದಲಾಗಬೇಕಿಲ್ಲ, ಲೂಪಿನ ಜಗಳವೂ ಇಲ್ಲ. ಮೆಮುವಿನ ಮೂಲ ಘಟಕವೇ ಒಂದು ಮೋಟಾರ್ ಬೋಗಿ ಮತ್ತು ಮೂರು ಸಾಮಾನ್ಯ ಬೋಗಿಗಳ ಜೋಡಣೆಯಾದುದರಿಂದ ನಾಲ್ಕು ನಾಲ್ಕಾಗಿ ಸೇರಿಸಬಹುದು. ಸಣ್ಣ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮ್ ಗಿಡ್ಡವಾಗಿದ್ದರೆ ಅದನ್ನು ಉದ್ದ ಮಾಡಲು ಹೊಸ ಹಳಿಯಷ್ಟು ಹಣವೂ ಬೇಡ, ಭೂಸ್ವಾಧೀನವೂ ಬಹುತೇಕ ಬೇಡ. ಅದರ ಎತ್ತರವನ್ನೂ ಹೆಚ್ಚಿಸಬೇಕು. ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು, ತಗ್ಗಿನ ಪ್ಲಾಟ್‌ಫಾರ್ಮ್‌ನಿಂದ ಮೆಮುವಿನ ಮೆಟ್ಟಿಲು ಹತ್ತುವುದು ಎಷ್ಟು ಕಷ್ಟ ಎಂಬುದು ಆರಾಮವಾಗಿ ಕೂತು ವೇಳಾಪಟ್ಟಿ ಓದುವವರಿಗೆ ತಿಳಿಯುವುದಿಲ್ಲ.

ಪಾಸಿನ ವಿಷಯ ಇನ್ನೊಂದು. ಮಾಸಿಕ ಪಾಸ್ 150 ಕಿ.ಮೀ. ವರೆಗೆ ಸಿಗುವುದರಿಂದ ಮೈಸೂರಿನವರಿಗೂ ಅದು ದೊರೆಯುತ್ತದೆ. ಹೀಗಾಗಿ ಚಾಮುಂಡಿ ಎಕ್ಸ್‌ಪ್ರೆಸ್‌ನಂಥ ಬೆಳಗಿನ ರೈಲಿಗೆ ಮೈಸೂರು, ಮಂಡ್ಯ, ಮದ್ದೂರು, ರಾಮನಗರ ಎಲ್ಲ ಊರುಗಳ ಪಾಸಿನವರೂ ಹತ್ತುತ್ತಾರೆ, ಕಡೆಯ ಊರಿನವರಿಗೆ ಬಾಗಿಲೇ ಗತಿ. ಮಂಡ್ಯದಿಂದಲೇ ಹೊರಡುವ ಒಂದು ಮೆಮು ಆ ಹೊತ್ತಿಗೆ ತುಸು ಮುಂಚೆ ಇದ್ದರೆ ಈ ಒತ್ತಡ ಎರಡಾಗಿ ಹಂಚಿಹೋಗುತ್ತದೆ.

ಎಲ್ಲರೂ ಮೆಜೆಸ್ಟಿಕ್‌ಗೇ ಹೋಗಬೇಕೆಂಬುದೂ ಈಗ ಇಲ್ಲ. ಮೆಟ್ರೊ ನೇರಳೆ ಮಾರ್ಗ 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಬಂದಿದೆ. ಕೆಂಗೇರಿ, ಜ್ಞಾನಭಾರತಿ, ನಾಯಂಡಹಳ್ಳಿಗಳಲ್ಲಿ ರೈಲಿನಿಂದ ಇಳಿದವರು ಮೆಟ್ರೊ ತಲುಪಲು ಒಳ್ಳೆಯ ಕಾಲುದಾರಿ, ದೀಪ, ಸೂಚನಾ ಫಲಕಗಳನ್ನು ಕೇಳಿರಿ. ವೇಗದ ರೈಲುಗಳ ಪೈಕಿ ಒಂದೆರಡಾದರೂ ಸಂಜೆ ಕೆಂಗೇರಿಯಲ್ಲಿ ನಿಂತರೆ ಮಂಡ್ಯದವರಿಗೆ ದೊಡ್ಡ ಉಪಕಾರ.

ಶಿಂಷಾತೀರ

ಮೂವರಿಗೂ ಕೃತಜ್ಞತೆಗಳು. ಮನವಿಯಲ್ಲಿ ಮೊದಲು ಬೋಗಿಗಳ ಸಂಖ್ಯೆ ಮತ್ತು ಪ್ಲಾಟ್‌ಫಾರ್ಮ್, ಆಮೇಲೆ ಮಂಡ್ಯದಿಂದ ಹೊರಡುವ ಬೆಳಗಿನ ಮೆಮು, ಕೊನೆಗೆ ಮೆಜೆಸ್ಟಿಕ್ ದಾಟಿ ವೈಟ್‌ಫೀಲ್ಡ್ ವರೆಗೆ ಓಡುವ ರೈಲುಗಳು ಎಂಬ ಕ್ರಮದಲ್ಲಿ ಬರೆಯಲು ಯೋಚಿಸಿದ್ದೇನೆ. ರಾಜ್ಯ ಸರ್ಕಾರಕ್ಕೆ ಪ್ರತ್ಯೇಕ ಪತ್ರವೇ ಸರಿ. ಲೂಪ್‌ಲೈನ್ ಅವರೇ, ಮೂರನೆಯ ಬೇಡಿಕೆಗೆ ‘ಪ್ಲಾಟ್‌ಫಾರ್ಮ್ ಖಾಲಿ ಇಲ್ಲ’ ಎಂಬ ಉತ್ತರ ಬಂದರೆ ನಾವು ಏನು ಹೇಳಬೇಕು?

ಲೂಪ್‌ಲೈನ್

ಯಾವ ಪ್ಲಾಟ್‌ಫಾರ್ಮ್‌ನಲ್ಲಿ ಯಾವ ರೈಲು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ನಿಲ್ಲುತ್ತದೆ ಎಂಬ ಪಟ್ಟಿ ಪ್ರತಿಯೊಂದು ದೊಡ್ಡ ನಿಲ್ದಾಣದಲ್ಲೂ ಇರುತ್ತದೆ. ಮನವಿ ಕೊಡುವ ಮೊದಲೇ ಮಾಹಿತಿ ಹಕ್ಕಿನ ಅಡಿಯಲ್ಲಿ ಆ ಪಟ್ಟಿಯನ್ನು ಬೆಳಗ್ಗೆ 7ರಿಂದ 11, ಸಂಜೆ 5ರಿಂದ 9ರ ಅವಧಿಗೆ ಕೇಳಿ ಪಡೆಯಿರಿ. ಯಾವ ಮೆಮು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸುಮ್ಮನೆ ನಿಂತಿದೆ ಎಂಬುದು ಅದರಲ್ಲೇ ಕಾಣುತ್ತದೆ, ಆ ಸಾಲುಗಳನ್ನು ಗುರುತಿಸಿ ಮನವಿಗೆ ಲಗತ್ತಿಸಿದರೆ ಚರ್ಚೆ ಅಲ್ಲಿಂದ ಶುರುವಾಗುತ್ತದೆ. ಮಾರ್ಗದ ಬಹುಪಾಲು ಬೆಂಗಳೂರು ವಿಭಾಗದಲ್ಲಿದ್ದು ಮೈಸೂರು ನಿಲ್ದಾಣ ಮೈಸೂರು ವಿಭಾಗಕ್ಕೆ ಸೇರಿರುವುದರಿಂದ ಎರಡೂ ವಿಭಾಗಗಳಿಗೆ ಒಂದೊಂದು ಪ್ರತಿ ಹೋಗಲಿ, ಹುಬ್ಬಳ್ಳಿಯ ವಲಯ ಕಚೇರಿಗೆ ಇನ್ನೊಂದು. ವಿಭಾಗೀಯ ರೈಲ್ವೆ ಬಳಕೆದಾರರ ಸಲಹಾ ಸಮಿತಿಯಲ್ಲಿ ನಿಮ್ಮ ಜಿಲ್ಲೆಯ ಸದಸ್ಯರು ಯಾರಾದರೂ ಇದ್ದರೆ ಅವರ ಮೂಲಕ ಸಭೆಯ ಕಾರ್ಯಸೂಚಿಗೆ ಸೇರಿಸಿರಿ, ಆಗ ಲಿಖಿತ ಉತ್ತರ ಪಡೆಯುವುದು ಸುಲಭ.